ಅಮ್ಮ ಕೊಟ್ಟ ಮನಿ ಪ್ಲಾಂಟ್ ಹಳದಿಯಾಗುತ್ತಿದೆ, ಮಣ್ಣಿನ ದೋಷವಾ?

ಪ್ರಶ್ನೆ (ಕೋಲಾರ):
ನಮ್ಮದು ಬಾಡಿಗೆ ಮನೆ. ಅಂಗಳ ಇಲ್ಲ, ಪೂರ್ವಕ್ಕೆ ಒಂದೇ ಕಿಟಕಿ. ಅಮ್ಮನ ಮನೆಯಿಂದ ಮನಿ ಪ್ಲಾಂಟ್ ಬಳ್ಳಿ ತಂದು, ಹೊಲದ ಕೆಂಪು ಮಣ್ಣು ತುಂಬಿದ ಕುಂಡದಲ್ಲಿ ನೆಟ್ಟೆ. ದಿನಾ ಬೆಳಿಗ್ಗೆ ಒಂದು ಲೋಟ ನೀರು. ಎರಡು ತಿಂಗಳಿಗೆ ಎಲೆ ಹಳದಿ. ಮಣ್ಣು ಮೇಲೆ ಗಟ್ಟಿ, ಒಳಗೆ ಕೆಸರು. ಹೇಗಾದರೂ ಉಳಿಸಬೇಕು, ಹೇಳಿ.

ಉತ್ತರ (ತಿಪಟೂರು):
ನೀರು ಜಾಸ್ತಿಯಾಗಿದೆ ಅಕ್ಕಾ. ಬರೀ ಕೆಂಪು ಮಣ್ಣು ಕುಂಡದಲ್ಲಿ ಬಿಗಿದುಕೊಳ್ಳುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ನಾನು ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಮಣ್ಣು ಬೆರೆಸುತ್ತೇನೆ. ನಮ್ಮ ಕಡೆ ತೆಂಗಿನ ನಾರಿಗೆ ಬರವಿಲ್ಲ ಅಲ್ವಾ! ಕೋಕೋಪೀಟನ್ನು ನೆನೆಸಿ, ಎರಡು ಸಲ ತೊಳೆದು ಹಿಂಡಿ. ಅದರಲ್ಲಿ ಉಪ್ಪಿನಂಶ ಇರುತ್ತದೆ. ಗಿಡಕ್ಕೆ ಬೇಕಾದ ಸತ್ವ ಅದರಲ್ಲಿ ತೀರಾ ಕಡಿಮೆ, ಹಾಗಾಗಿ ಎರೆಗೊಬ್ಬರ ಬಿಡಬೇಡಿ. ಬೆರಳು ಒಂದು ಇಂಚು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು.

ಉತ್ತರ (ಚಿಂತಾಮಣಿ):
ಕುಂಡದ ತಳದಲ್ಲಿ ತೂತು ಇದೆಯಾ? ಗಿಡ ಹೊರಗೆ ತೆಗೆದು, ಕಪ್ಪಗೆ ಮೆತ್ತಗಾದ ಬೇರು ಕತ್ತರಿಸಿ. ಚೆನ್ನಾಗಿರುವ ಬಳ್ಳಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಗೆಣ್ಣು ಮುಳುಗುವ ಹಾಗೆ ನೀರಿನ ಬಾಟಲಿಯಲ್ಲಿಡಿ. ಹೊಸ ಬೇರು ಗೆಣ್ಣಿನಿಂದಲೇ ಬರುವುದು. ಎರಡು ಮೂರು ವಾರ ಕಾಯಿರಿ.

ಪ್ರಶ್ನೆ ಕೇಳಿದವರು:
ತೂತು ಇತ್ತು, ಆದರೆ ಮಣ್ಣು ಕಟ್ಟಿಕೊಂಡು ಮುಚ್ಚಿಹೋಗಿತ್ತು. ಅರ್ಧ ಬೇರು ಕೊಳೆತಿದೆ, ನೋಡಿ ಕಣ್ಣಲ್ಲಿ ನೀರು ಬಂತು. ನಾಲ್ಕು ತುಂಡು ಬಾಟಲಿಗೆ ಹಾಕಿ ಕಿಟಕಿ ಪಕ್ಕ ಇಟ್ಟಿದ್ದೇನೆ. ಬೇರು ಬಂದ ದಿನ ಇಲ್ಲೇ ತಿಳಿಸುತ್ತೇನೆ.