ಹಸಿ ಸೊಪ್ಪು ಆರಂಭಿಸಿದ ಮೇಲೆ ಮೊಲದ ಹಿಕ್ಕೆ ಮೆತ್ತಗಾಗಿದೆ, ಸೊಪ್ಪು ನಿಲ್ಲಿಸಬೇಕೇ?

ಪ್ರಶ್ನೆ (ದಾವಣಗೆರೆ):
ನಮ್ಮ ಮೊಲಕ್ಕೆ ಐದು ತಿಂಗಳು, ತೂಕ ಒಂದೂವರೆ ಕಿಲೋ. ಮೊದಲಿನಿಂದಲೂ ಪೆಲೆಟ್ (ಗುಳಿಗೆಯಂತಹ ಸಿದ್ಧ ಮೇವು) ಮತ್ತು ಮೆಕ್ಕೆಜೋಳದ ಕಾಳು ತಿನ್ನುತ್ತಿದೆ. ಈಚೆಗೆ ಅವುಗಳ ಜೊತೆಗೆ ಕೊತ್ತಂಬರಿ, ಪಾಲಕ್, ಎಲೆಕೋಸು, ಗಜ್ಜರಿಗಳನ್ನೂ ಕೊಡುತ್ತಿದ್ದೇವೆ. ಈಗ ಬೆಳಗಿನ ಹೊತ್ತು ಗೂಡಿನಲ್ಲಿ ದ್ರಾಕ್ಷಿ ಗೊಂಚಲಿನಂತೆ ಅಂಟಿಕೊಂಡ, ಕಪ್ಪಗೆ ಹೊಳೆಯುವ ಮೆತ್ತನೆಯ ಹಿಕ್ಕೆ ಬಿದ್ದಿರುತ್ತದೆ. ಬಾಲದ ಕೆಳಗಿನ ಕೂದಲಿಗೂ ಮೆತ್ತಿಕೊಳ್ಳುತ್ತದೆ. ಹಗಲಿನಲ್ಲಿ ಗುಂಡಗಿನ ಒಣ ಹಿಕ್ಕೆಯೇ ಬರುತ್ತದೆ, ಮೊಲ ಚುರುಕಾಗಿಯೂ ಇದೆ.

ಉತ್ತರ (ಚಿತ್ರದುರ್ಗ):
ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಇದು ಭೇದಿಯಲ್ಲ. ಮೊಲದ ಕರುಳಿನಲ್ಲಿರುವ ಸೀಕಮ್ ಎಂಬ ಚೀಲದಲ್ಲಿ ಸೂಕ್ಷ್ಮಜೀವಿಗಳು ಮೇವನ್ನು ಹುದುಗಿಸಿದಾಗ ಇಂತಹ ಮೆತ್ತನೆಯ ಹಿಕ್ಕೆ ಆಗುತ್ತದೆ. ಪ್ರೋಟೀನ್ ಮತ್ತು ಬಿ ಜೀವಸತ್ವಗಳಿರುವ ಅದನ್ನು ಆರೋಗ್ಯವಂತ ಮೊಲವು ಹೊರಬಂದ ಕೂಡಲೇ ತಾನೇ ತಿಂದುಬಿಡುವುದರಿಂದ ನಮ್ಮ ಕಣ್ಣಿಗೆ ಬೀಳುವುದೇ ಅಪರೂಪ. ತಿನ್ನದೆ ಉಳಿಸುತ್ತಿದೆ ಎಂದರೆ ಸಾಮಾನ್ಯವಾಗಿ ಆಹಾರದಲ್ಲಿ ಪಿಷ್ಟ ಮತ್ತು ಸಕ್ಕರೆ ಹೆಚ್ಚಾಗಿ ನಾರು ಕಡಿಮೆಯಾಗಿದೆ ಎಂದರ್ಥ. ಆದ್ದರಿಂದ ನನ್ನ ಅನುಮಾನ ಕೊತ್ತಂಬರಿಯ ಮೇಲಲ್ಲ, ಮೆಕ್ಕೆಜೋಳ ಮತ್ತು ಗಜ್ಜರಿಯ ಮೇಲೆ. ನಮ್ಮ ಕಡೆ ಮೆಕ್ಕೆಜೋಳ ಸುಲಭವಾಗಿ ಸಿಗುತ್ತದೆಂದು ಎಲ್ಲರೂ ಕೊಡುತ್ತಾರೆ. ಕಾಳು ಮೊಲದ ಮೇವೇ ಅಲ್ಲ.

ಕಾಳನ್ನು ಪೂರ್ತಿ ನಿಲ್ಲಿಸಿ, ಪೆಲೆಟ್ ತಗ್ಗಿಸಿ, ಕೆಲವು ದಿನ ಸೊಪ್ಪನ್ನೂ ಬದಿಗಿಟ್ಟು ಒಣಹುಲ್ಲನ್ನು ಸದಾ ಗೂಡಿನಲ್ಲಿರಿಸಿ. ಹಿಕ್ಕೆ ಸರಿಹೋದ ಮೇಲೆ ಕೊತ್ತಂಬರಿಯ ಒಂದೆರಡು ಕಡ್ಡಿಯಿಂದ ಆರಂಭಿಸಿ, ಎರಡು ಮೂರು ದಿನ ಗಮನಿಸಿ, ಆಮೇಲೆ ಪುದೀನ, ಅನಂತರ ಸಬ್ಬಸಿಗೆ, ಹೀಗೆ ಒಂದೊಂದನ್ನೇ ಸೇರಿಸುತ್ತಾ ಹೋದರೆ ಯಾವ ಸೊಪ್ಪು ಒಗ್ಗುವುದಿಲ್ಲ ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಪಾಲಕ್‌ನಲ್ಲಿ ಆಕ್ಸಲೇಟ್ (ಸುಣ್ಣದಂಶದ ಜೊತೆ ಸೇರಿ ಹರಳಾಗುವ ಅಂಶ) ಹೆಚ್ಚಿರುವುದರಿಂದ ಅದು ಅಪರೂಪಕ್ಕಿರಲಿ. ಎಲೆಕೋಸು ಕೆಲವು ಮೊಲಗಳಿಗೆ ಹೊಟ್ಟೆಯುಬ್ಬರ ತರುತ್ತದೆ. ಗಜ್ಜರಿಯ ಸೊಪ್ಪು ಕೊಡಬಹುದು, ಗಡ್ಡೆ ಮಾತ್ರ ಅಪರೂಪಕ್ಕೊಂದು ತೆಳು ಚೂರು. ಈರುಳ್ಳಿ, ಬೆಳ್ಳುಳ್ಳಿ ಬೇಡವೇ ಬೇಡ.

ಪ್ರಶ್ನೆ (ದಾವಣಗೆರೆ):
ಇಲ್ಲಿ ಒಣಹುಲ್ಲು ಮಾರುವವರು ಸಿಗಲಿಲ್ಲ. ಶೇಂಗಾ ಬಳ್ಳಿ ಅಥವಾ ರಾಗಿ ಹುಲ್ಲು ಆಗುತ್ತದೆಯೇ?

ಉತ್ತರ (ಚಿತ್ರದುರ್ಗ):
ರಾಗಿ ಹುಲ್ಲಿನಲ್ಲಿ ಪೋಷಕಾಂಶ ಕಡಿಮೆಯಾದರೂ ನಾರು ಚೆನ್ನಾಗಿದೆ. ಔಷಧಿ ಸಿಂಪಡಿಸದ ಜಾಗದ ಗರಿಕೆಯನ್ನು ಒಣಗಿಸಿ ಅದಕ್ಕೆ ಬೆರೆಸಿದರೆ ಸಾಕು. ಚಳ್ಳಕೆರೆಯ ಕಡೆ ಶೇಂಗಾ ಬಳ್ಳಿ ರಾಶಿಗಟ್ಟಲೆ ಸಿಗುತ್ತದಾದರೂ ಅದರಲ್ಲಿ ಸುಣ್ಣದಂಶ (ಕ್ಯಾಲ್ಸಿಯಂ) ಹೆಚ್ಚು, ಮಳೆಗೆ ನೆಂದಿದ್ದರೆ ಬೂಸ್ಟು ಹಿಡಿದಿರುವ ಅಪಾಯವೂ ಉಂಟು, ಆದ್ದರಿಂದ ಅದನ್ನೇ ಮುಖ್ಯ ಮೇವು ಮಾಡಬೇಡಿ.

ಹನ್ನೆರಡು ಗಂಟೆ ಮೇವು ಮುಟ್ಟದಿದ್ದರೆ, ಹಿಕ್ಕೆ ನಿಂತರೆ ಅಥವಾ ನೀರಿನಂತೆ ಭೇದಿಯಾದರೆ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಿರಿ. ಮನೆಯಲ್ಲಿರುವ ಅಮಾಕ್ಸಿಸಿಲಿನ್‌ನಂತಹ ಆ್ಯಂಟಿಬಯೋಟಿಕ್ ಮಾತ್ರೆಯನ್ನು ಬಾಯಿಗೆ ಹಾಕಬೇಡಿ. ಅದು ಮೊಲದ ಕರುಳಿನ ಸೂಕ್ಷ್ಮಜೀವಿಗಳನ್ನು ಕೊಂದು ಪ್ರಾಣಕ್ಕೇ ಎರವಾಗಬಹುದು.