ಅಪ್‌ಡೇಟ್: ರಾಟೆಯ ಲೆಕ್ಕ ಕೊನೆಗೂ ಅರ್ಥವಾಯಿತು

ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾನು ಪುಣೆಯಲ್ಲಿ ಮೊದಲ ವರ್ಷದ ಇಂಜಿನಿಯರಿಂಗ್ ಓದುತ್ತಿದ್ದೇನೆ. ಕೇಳಿದ್ದು ಇದು: ಘರ್ಷಣೆ ಇಲ್ಲದ ಮೇಜಿನ ಮೇಲೆ 3 ಕೆಜಿ ಬ್ಲಾಕ್. ಅದಕ್ಕೆ ಕಟ್ಟಿದ ಹಗ್ಗ ರಾಟೆ ದಾಟಿ ಇಳಿದು, ಕೆಳಗೆ 2 ಕೆಜಿ ಬ್ಲಾಕ್ ತೂಗುತ್ತಿದೆ. ಹಗ್ಗದ ಟೆನ್ಷನ್ (ಹಗ್ಗ ಎಳೆಯುವ ಬಲ) ಯಾಕೆ 2 ಕೆಜಿಯ ತೂಕದಷ್ಟೇ, ಅಂದರೆ 19.6 ನ್ಯೂಟನ್, ಇರುವುದಿಲ್ಲ?

ಎರಡೂ ಬ್ಲಾಕಿಗೆ ಬೇರೆ ಬೇರೆ ಚಿತ್ರ ಬರೆಯಿರಿ ಎಂದಿದ್ದಿರಲ್ಲ, ಅದೇ ಕೆಲಸ ಮಾಡಿತು. ಮೇಜಿನ ಬ್ಲಾಕನ್ನು ಮುಂದಕ್ಕೆ ಎಳೆಯುವುದು ಟೆನ್ಷನ್ ಒಂದೇ. ತೂಗುವ ಬ್ಲಾಕಿಗೆ ಕೆಳಕ್ಕೆ ತೂಕ, ಮೇಲಕ್ಕೆ ಟೆನ್ಷನ್. 19.6 ಅನ್ನು ಒಟ್ಟು 5 ಕೆಜಿಯಿಂದ ಭಾಗಿಸಿದರೆ ವೇಗೋತ್ಕರ್ಷ 3.92. ಅದನ್ನು 3ರಿಂದ ಗುಣಿಸಿದರೆ ಟೆನ್ಷನ್ 11.76 ನ್ಯೂಟನ್. ಬ್ಲಾಕಿನ ವೇಗ ಕೆಳಮುಖವಾಗಿ ಹೆಚ್ಚುತ್ತಾ ಹೋಗಬೇಕಾದರೆ ಟೆನ್ಷನ್‌ಗಿಂತ ತೂಕ ಜಾಸ್ತಿ ಇರಲೇಬೇಕು, ಅಲ್ವಾ! ಮೇಜಿನ ಬ್ಲಾಕನ್ನು ಅಲುಗಾಡದಂತೆ ಹಿಡಿದರೆ ಮಾತ್ರ 19.6 ಬರುತ್ತದೆ.

ಇಳಿಜಾರಿನ ಲೆಕ್ಕಗಳೂ ಈಗ ಹಿಡಿತಕ್ಕೆ ಬಂದಿವೆ. ಅದರಲ್ಲಿ ನನಗೆ ತುಂಬಾ ಖುಷಿ ಕೊಟ್ಟಿದ್ದು ಮುಂಬೈ-ಪುಣೆ ರೈಲು ದಾರಿಯಲ್ಲಿ ಬರುವ ಭೋರ್ ಘಾಟ್. ಹುಬ್ಬಳ್ಳಿಯ ರೂಮ್‌ಮೇಟ್ ಜೊತೆ ಕೂತು ಸುಮ್ನೆ ಲೆಕ್ಕ ಹಾಕಿದೆ. ಕರ್ಜತ್‌ನಿಂದ ಲೋಣಾವಳಾಕ್ಕೆ ಹತ್ತುವ ಹಳಿಯ ಏರು 37ಕ್ಕೆ 1 (37 ಮೀಟರ್ ಸಾಗಿದರೆ 1 ಮೀಟರ್ ಮೇಲಕ್ಕೆ). ಅಂದರೆ 1000 ಟನ್ ರೈಲನ್ನು ಸುಮಾರು 27 ಟನ್ ತೂಕದಷ್ಟು ಬಲ ಹಿಂದಕ್ಕೆ ಎಳೆಯುತ್ತಿರುತ್ತದೆ! ಕರ್ಜತ್‌ನಲ್ಲಿ ರೈಲಿನ ಹಿಂದೆ ತಳ್ಳಲು ಇಂಜಿನ್ ಯಾಕೆ ಜೋಡಿಸುತ್ತಾರೆ ಎಂಬುದು ಈಗ ಅಂಕಿಯಲ್ಲೇ ಕಾಣುತ್ತದೆ.

ಮುಂದಿನದು ಘರ್ಷಣೆಯ ಲೆಕ್ಕಗಳು. ಸಿಕ್ಕಿಕೊಂಡರೆ ಚಿತ್ರ ಬರೆದುಕೊಂಡೇ ಬಂದು ಕೇಳುತ್ತೇನೆ.