ಬೀಗ ಮೂರು ಸಲ ಜಗ್ಗಿದವರ ಹರಟೆ

ಕಾಫಿ ಇನ್ನೂ ಡಿಕಾಕ್ಷನ್ ಹಂತದಲ್ಲೇ ಇತ್ತು. ಬ್ಯಾಂಕಿನಿಂದ ನಿವೃತ್ತರಾದ ರಾಯರು ಆಗಲೇ ತೀರ್ಪು ಕೊಟ್ಟಾಗಿತ್ತು: "ಕಾಲ ಕೆಟ್ಟೋಯ್ತು ಕಣ್ರೀ. ಹಿಂದೆ ಜನ ಒಬ್ಬರನ್ನೊಬ್ಬರು ನಂಬ್ತಿದ್ರು. ಈಗ ಹೆತ್ತ ಮಗ ಫೋನ್ ಮಾಡಿದ್ರೂ 'ಮೊದ್ಲು ನಿಮ್ಮಜ್ಜಿ ಹೆಸರೇನು ಹೇಳು' ಅನ್ನೋ ಹಾಗಾಗಿದೆ."

ಶಾಸನಗಳ ಮೇಷ್ಟ್ರು ವಡೆ ಕೆಳಗಿಟ್ಟರು. "ಹಿಂದೆ ಅಂದ್ರೆ ಯಾವಾಗ? ಇಸವಿ ಹೇಳಿ."

"ಹಿಂದೆ ಅಂದ್ರೆ ಹಿಂದೆ."

"ಸಾವಿರ ವರ್ಷ ಹಿಂದೆ ಆಗಬಹುದಾ? ಯಾವುದಾದ್ರೂ ದಾನಶಾಸನ ತಗೊಳ್ಳಿ. ಮೊದಲಿಗೆ ದೇವರ ಸ್ತುತಿ, ಆಮೇಲೆ ರಾಜನ ಬಿರುದು, ಆಮೇಲೆ ಭೂಮಿಯ ಗಡಿ. ಮೂಡಣಕ್ಕೆ ಹುಣಸೆ ಮರ, ತೆಂಕಣಕ್ಕೆ ಹುತ್ತ, ಪಡುವಣಕ್ಕೆ ಹಳ್ಳ, ಬಡಗಣಕ್ಕೆ ನೆಟ್ಟ ಕಲ್ಲು. ಕೊನೆಗೆ? ಶಾಪ! ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ಈ ಭೂಮಿ ಕಿತ್ತುಕೊಂಡೋನು 60,000 ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ತಾನೆ. ಸಾಲದು ಅಂತ ವಾರಣಾಸಿಯಲ್ಲಿ ಕವಿಲೆ ಹಸು ಕೊಂದ ಪಾಪ ಬೇರೆ."

ಡೈರಿ ಶಿವಣ್ಣನಿಗೆ ಕನಿಕರ ಬಂತು. "ಅಷ್ಟೂ ವರ್ಷ ಹುಳಾನೇನಾ? ಪೆರೋಲ್ ಇಲ್ವಾ?"

"'ತಾನು ಕೊಟ್ಟದ್ದು' ಅನ್ನೋದನ್ನ ನೋಡಪ್ಪ. ದಾನ ಕೊಟ್ಟ ರಾಜ ತನ್ನನ್ನೇ ನಂಬಿಲ್ಲ! ಇನ್ನು ತಾಮ್ರಪಟಕ್ಕೆ ಬನ್ನಿ. ಪ್ರತಿ ಹಲಗೆಗೂ ಒಂದು ತೂತು. ತೂತಿಗೆ ಬಳೆ ಪೋಣಿಸಿ, ಬಳೆಯ ಎರಡು ತುದಿ ಸೇರೋ ಕಡೆ ರಾಜಮುದ್ರೆ ಹಾಕಿ ಬೆಸೆದುಬಿಡ್ತಿದ್ರು. ಮಧ್ಯೆ ಇನ್ನೊಂದು ಹಲಗೆ ತೂರಿಸ್ತೀನಿ ಅಂದೋನು ಬಳೆ ಕತ್ತರಿಸಬೇಕು. ಕತ್ತರಿಸಿದ್ರೆ ಸಿಕ್ಕಿಬಿದ್ದ."

"ಸೀಲ್ ಒಡೆದಿದ್ದರೆ ಸ್ವೀಕರಿಸಬೇಡಿ" ಅಂದಳು ಸಹನಾ, ಮುಂದಿದ್ದ ನೀರಿನ ಬಾಟಲಿ ತಿರುಗಿಸುತ್ತ. ಅವಳದು ಸೈಬರ್ ಭದ್ರತೆಯ ಕೆಲಸ. ಬಾಟಲಿಯನ್ನೂ ನಂಬುವುದಿಲ್ಲ.

"ಅಷ್ಟೆಲ್ಲಾ ಬಂದೋಬಸ್ತ್ ಮಾಡಿದ್ರೂ ಖೋಟಾ ನಿಲ್ಲಲಿಲ್ಲ. ಗಂಗರ ಹೆಸರಿನ ತಾಮ್ರಪಟಗಳಲ್ಲಿ ಎಷ್ಟೋ ಸುಳ್ಳು ಅಂತ ಬ್ರಿಟಿಷರ ಕಾಲದ ಶಾಸನ ತಜ್ಞ ಫ್ಲೀಟ್ ಹಟ ಹಿಡಿದ. ಮೈಸೂರು ಸೀಮೆಯ ಶಾಸನ ಸಂಗ್ರಹಿಸಿದ ರೈಸ್ ಒಪ್ಪಲಿಲ್ಲ. ಇಬ್ಬರು ಸಾಹೇಬರಿಗೂ ಇದೇ ಜಗಳ. ಹಿಡಿಯೋ ಉಪಾಯ ಎರಡು. ಶಾಸನ ಹೇಳೋ ಕಾಲಕ್ಕಿಂತ ಅಕ್ಷರದ ರೂಪ ಈಚಿನದಾಗಿದ್ರೆ ಅನುಮಾನ. ಬರೆದ ತಿಥಿಗೆ ಆ ವಾರ ಪಂಚಾಂಗದಲ್ಲಿ ಬೀಳದಿದ್ರೆ ಇನ್ನೂ ಅನುಮಾನ. ಕಳ್ಳ ಎಲ್ಲಾ ಬಿಗಿಯಾಗಿ ಮಾಡಿರ್ತಾನೆ, ಸೋಮವಾರದಲ್ಲಿ ಎಡವುತ್ತಾನೆ."

ರಾಯರು ಸೋಲೊಪ್ಪುವ ಪೈಕಿ ಅಲ್ಲ. "ಅದು ರಾಜರ ಮಾತಾಯ್ತು. ವ್ಯಾಪಾರಿಗಳು ಬರೀ ಬಾಯಿಮಾತಲ್ಲಿ ಲಕ್ಷಗಟ್ಟಲೆ ವ್ಯವಹಾರ ಮಾಡ್ತಿರಲಿಲ್ವಾ?"

"ವ್ಯಾಪಾರಿಗಳ ಹಣದ ಚೀಟಿ ಹುಂಡಿ ಇತ್ತಲ್ಲ, ಅದರಲ್ಲಿ ಏನು ಬರೀತಿದ್ರು, ನೀವೇ ಹೇಳಿ" ಎಂದು ಮೇಷ್ಟ್ರು ಬಲೆ ಬೀಸಿದರು. ಬ್ಯಾಂಕಿನ ವಿಷಯ ಕೇಳಿದರೆ ರಾಯರಿಗೆ ವಾದ ಮರೆತುಹೋಗುತ್ತದೆ.

"ಆಹಾ, ಅದೊಂದು ಚೆಂದ! 1,000 ರೂಪಾಯಿ ಅಂತ ಬರೆದು, ಪಕ್ಕದಲ್ಲೇ 'ಇದರ ಅರ್ಧ ಐನೂರು, ಅದರ ಇಮ್ಮಡಿ' ಅಂತ ಮತ್ತೆ ಅಕ್ಷರದಲ್ಲಿ ಬರೀತಿದ್ರು. ಸೊನ್ನೆ ಒಂದನ್ನ ಸೇರಿಸೋನು ಅರ್ಧವನ್ನೂ ತಿದ್ದಬೇಕು. ಈಗ ಚೆಕ್ಕಿನ ಮೇಲೆ 'ಮಾತ್ರ' ಅಂತ ಬರೆದು ಗೆರೆ ಎಳೀತೀವಲ್ಲ, ಅದೇ ಕುಲ. ಬ್ರಿಟಿಷರ ಕಾಲದಲ್ಲಂತೂ ನೋಟನ್ನೇ ನಡುವೆ ಕತ್ತರಿಸಿ ಟಪಾಲಿಗೆ ಹಾಕ್ತಿದ್ರು. ಮೊದಲರ್ಧ ಇವತ್ತು. ಅದು ಮುಟ್ಟಿತು ಅಂತ ಕಾಗದ ಬಂದ ಮೇಲೆ ಇನ್ನರ್ಧ. ಎರಡು ತುಂಡಿನ ನಂಬರೂ ತಾಳೆಯಾದ್ರೆ ದುಡ್ಡು. ದಾರೀಲಿ ಒಂದು ತುಂಡು ಕದ್ದೋನಿಗೆ ಚೂರು ಕಾಗದ."

"ಒಟಿಪಿ!" ಸಹನಾ ಮೇಜು ಕುಟ್ಟಿದಳು. "ಪಾಸ್‌ವರ್ಡ್ ಮೊದಲ ತುಂಡು, ಒಟಿಪಿ ಎರಡನೇ ತುಂಡು. ಆಗಿನೋರು ಎರಡನೇ ತುಂಡನ್ನ ಕಳ್ಳನಿಗೇ ಫೋನಲ್ಲಿ ಓದಿ ಹೇಳ್ತಿರಲಿಲ್ಲ, ಅಷ್ಟೇ ವ್ಯತ್ಯಾಸ."

ಕಾಫಿ ಬಂತು. ಶಿವಣ್ಣ ಲೋಟ ಓರೆಮಾಡಿ ಹಾಲಿನ ಮಂದ ನೋಡಿದ. ಹಳ್ಳಿಯ ಹಾಲಿನ ಸೊಸೈಟಿಯಲ್ಲಿ ಕಾರ್ಯದರ್ಶಿಯಾಗಿದ್ದವನು, ಕುಡಿಯುವುದು ಆಮೇಲೆ.

"ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಗಾದೆ ಕಟ್ಟಿದ್ದು ಹಿಂದಿನೋರೇ ಅಲ್ವಾ ರಾಯರೇ? ಪೇಟೇಲಿ ಹಸು ಹೊಡ್ಕೊಂಡು ಬಂದು ಬಾಗಿಲಲ್ಲೇ ಕರೆಸ್ತಿದ್ರಲ್ಲ, ಅದು ಹಸೂ ಮೇಲಿನ ಪ್ರೀತಿಗಲ್ಲ. ಕರೆಯೋ ಮುಂಚೆ ಚೊಂಬು ಬೋರಲು ಹಾಕಿ ತೋರಿಸಬೇಕಿತ್ತು, ತಳದಲ್ಲಿ ನೀರಿಲ್ಲ ಅಂತ. ಆಮೇಲೆ ಹಾಲಿನ ಸಾಂದ್ರತೆ ಅಳೆಯೋ ಲ್ಯಾಕ್ಟೋಮೀಟರ್ ಬಂತು. ಒಳ್ಳೆ ಹಸುವಿನ ಹಾಲಿಗೆ 28ರಿಂದ 32 ತೋರಿಸುತ್ತೆ. ನೀರು ಹಾಕಿದ್ರೆ ಇಳಿಯುತ್ತೆ. 30 ಇದ್ದ ಹಾಲಿನ ಹತ್ತನೇ ಒಂದು ಪಾಲು ನೀರಾದ್ರೆ 27ಕ್ಕೆ ಬಂತು ಅನ್ನಿ."

"ಅಲ್ಲಿಗೆ ಕಳ್ಳತನ ಮುಗೀತು."

"ಎಲ್ಲಿ ಮುಗೀತು? ಕೆನೆ ಹಗುರ ಅಲ್ವಾ, ಕೆನೆ ತೆಗೆದ ಹಾಲಿನ ಅಂಕಿ ಮೇಲಕ್ಕೆ ಹೋಗುತ್ತೆ. ಹಾಗಾಗಿ ಮೊದಲು ಕೆನೆ ತೆಗಿ, ಬೆಣ್ಣೆ ಮಾಡ್ಕೊ, ಆಮೇಲೆ ನೀರು ಹಾಕು. ಅಂಕಿ ಮತ್ತೆ 30! ಮಾಪಕ ಸೈ ಅನ್ನುತ್ತೆ, ಹಾಲು ನೀರು ನೀರು. ಅದಕ್ಕೇ ಜಿಡ್ಡಿನ ಪರೀಕ್ಷೆ ಬಂದಿದ್ದು. ಗೆರ್ಬರ್ ಅಂತಾರೆ. ಬ್ಯುಟೈರೋಮೀಟರ್ ಅನ್ನೋ ಗಾಜಿನ ಕೊಳವೆಗೆ 10 ಎಂಎಲ್ ಸಲ್ಫ್ಯೂರಿಕ್ ಆಸಿಡ್, ಅದರ ಮೇಲೆ ನಿಧಾನವಾಗಿ 10.75 ಎಂಎಲ್ ಹಾಲು, 1 ಎಂಎಲ್ ಅಮೈಲ್ ಆಲ್ಕೋಹಾಲ್. ಬಿರಡೆ ಹಾಕಿ, ಬಟ್ಟೆ ಸುತ್ತಿ ಅಲ್ಲಾಡಿಸಬೇಕು, ಕೊಳವೆ ಸುಡುತ್ತೆ. ಆಸಿಡ್ಡು ಜಿಡ್ಡು ಬಿಟ್ಟು ಮಿಕ್ಕಿದ್ದನ್ನೆಲ್ಲ ಕರಗಿಸುತ್ತೆ. ಯಂತ್ರದಲ್ಲಿ ನಾಲ್ಕೈದು ನಿಮಿಷ ತಿರುಗಿಸಿದ್ರೆ ಜಿಡ್ಡು ಮೇಲೆ ಬಂದು ಗೆರೆ ಹತ್ರ ನಿಲ್ಲುತ್ತೆ. ಅಂಕಿ ಓದ್ಕೊ. ಈಗ ಅದಕ್ಕೂ ಮೆಷಿನ್ನು ಬಂದಿದೆ ಬಿಡಿ."

"ಒಂದು ಲೋಟ ಹಾಲಿಗೆ ಇಷ್ಟು ಸಂಶಯವಾ!"

"ತಮಾಷೆ ಏನು ಅಂದ್ರೆ, ಅನುಮಾನ ಮಾಡೋದಕ್ಕೂ ಕ್ರಮ ಬೇಕು. ಆಗ ತಾನೇ ಕರೆದ ಹಾಲು ಬೆಚ್ಚಗಿರುತ್ತೆ, ನೊರೆ ಇರುತ್ತೆ. ತಕ್ಷಣ ಲ್ಯಾಕ್ಟೋಮೀಟರ್ ಅದ್ದಿದ್ರೆ ಅಂಕಿ ಕಮ್ಮಿ ತೋರಿಸುತ್ತೆ. ನೀರು ಹಾಕದ ಪ್ರಾಮಾಣಿಕನೂ ಕಳ್ಳ ಆಗಿಬಿಡ್ತಾನೆ. ಕಾಯಬೇಕು, ನೊರೆ ಇಳೀಬೇಕು, ಮಾಪಕದ ಮೇಲೆ ಬರೆದಿರೋ ಉಷ್ಣತೆಗೆ ಹಾಲು ಬರಬೇಕು, ಮೆಲ್ಲಗೆ ಕದಡಬೇಕು. ಆಮೇಲೆ ಬೇಕಾದ್ರೆ ಬೈ."

ಮನುಷ್ಯರನ್ನು ನಂಬದಿದ್ದರೂ ಆಗಿನವರು ಕನಿಷ್ಠ ದನಿಯನ್ನಾದರೂ ನಂಬುತ್ತಿದ್ದರು ಎಂದು ರಾಯರು ಹೊಸ ಕೋಟೆ ಕಟ್ಟಿದರು. ಮೇಷ್ಟ್ರು ಅದನ್ನೂ ಕೆಡವಿದರು.

"ರಾತ್ರಿ ಹೊತ್ತು ಯಾರಾದ್ರೂ ಹೆಸರು ಹಿಡಿದು ಕೂಗಿದ್ರೆ ಮೊದಲ ಕೂಗಿಗೆ ಓಗೊಡಬೇಡ, ಮೂರನೇ ಸಲ ಕೂಗಿದ್ರೆ ಮಾತ್ರ ಮಾತಾಡು ಅಂತ ಹಳ್ಳೀಲಿ ಹೇಳ್ತಿರಲಿಲ್ವಾ? ದೆವ್ವ ಒಂದೇ ಸಲ ಕೂಗುತ್ತಂತೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆಲ್ಲ 'ನಾಳೆ ಬಾ' ಅಂತ ಬರೆದಿದ್ದು ಮರೆತ್ರಾ? ಬರೋ ಹೆಣ್ಣುದೆವ್ವ ಮನೆಯೋರದೇ ದನಿಯಲ್ಲಿ ಕೂಗ್ತಾಳೆ, ಬಾಗಿಲು ತೆರೆದ್ರೆ ಕಥೆ ಮುಗೀತು. ಬಾಗಿಲ ಮೇಲಿನ ಬರಹ ಓದಿ ವಾಪಸ್ ಹೋಗ್ತಾಳೆ. ಮಾರನೇ ದಿನ ಬಂದ್ರೆ ಮತ್ತೆ ಅದೇ ಬರಹ."

"ದಿನಸಿ ಅಂಗಡಿಯ 'ಇಂದು ನಗದು, ನಾಳೆ ಸಾಲ' ಬೋರ್ಡಿನ ಲೆಕ್ಕ" ಅಂದ ಶಿವಣ್ಣ.

"ಅದಿರಲಿ, ಬೆಂಗಳೂರಲ್ಲಿ ದೆವ್ವಕ್ಕಾದ್ರೂ ಕನ್ನಡ ಓದೋಕೆ ಬರುತ್ತೆ ಅಂತ ಊರೆಲ್ಲ ನಂಬಿತ್ತಲ್ಲ!"

ಸಹನಾ ನಗು ತಡೆದುಕೊಂಡು, "ಈಗ ಎಐ ಇಟ್ಕೊಂಡು ಮಗನ ದನೀಲೇ 'ಅಪ್ಪಾ, ಆಕ್ಸಿಡೆಂಟ್ ಆಗಿದೆ, ದುಡ್ಡು ಹಾಕು' ಅನ್ನಿಸ್ತಾರೆ. ರಾಯರು ಅಜ್ಜಿ ಹೆಸರು ಕೇಳೋದು ಸರಿಯಾಗೇ ಇದೆ. ಆದ್ರೆ ಅಜ್ಜಿ ಹೆಸರು ಫೇಸ್‌ಬುಕ್ಕಲ್ಲಿ ಸಿಗುತ್ತೆ, ಶ್ರದ್ಧಾಂಜಲಿ ಹಾಕಿರ್ತೀರ. ಅದರ ಬದಲು ಕರೆ ಕತ್ತರಿಸಿ, ನಿಮ್ಮ ಫೋನಲ್ಲಿರೋ ಮಗನ ನಂಬರಿಗೆ ನೀವೇ ಮಾಡಿ. ಎತ್ತದಿದ್ರೆ ಸೊಸೆಗೆ. ಮನೆಮಂದಿಗೆ ಮಾತ್ರ ಗೊತ್ತಿರೋ ಒಂದು ಪದ ಇಟ್ಕೊಂಡ್ರೆ ಇನ್ನೂ ವಾಸಿ, 'ಗೊಜ್ಜವಲಕ್ಕಿ' ಅಂತಲೋ ಏನೋ" ಅಂದಳು.

"ಅಂತೂ ಈಗ ಅನುಮಾನ ಜಾಸ್ತಿ ಅಂತ ನೀನೇ ಒಪ್ಪಿದೆ!"

"ಇಲ್ಲ ಸಾರ್. ಅನುಮಾನ ಇದ್ದಷ್ಟೇ ಇದೆ, ವಿಳಾಸ ತಪ್ಪಿದೆ. 2016ರಲ್ಲಿ 2,000ದ ನೋಟಲ್ಲಿ ಚಿಪ್ಪಿದೆ, ಭೂಮಿ ಒಳಗೆ ಹೂತಿಟ್ರೂ ಉಪಗ್ರಹಕ್ಕೆ ಕಾಣುತ್ತೆ ಅಂತ ಗಡಗಡ ನಡುಗಿದ್ವಿ. ಅದೇ ಜನ, ಮನೆ ಬೀಗ ಮೂರು ಸಲ ಜಗ್ಗಿ ನೋಡೋ ಜನ, ಗುರುತಿಲ್ಲದ ನಂಬರಿಂದ ಲಗ್ನಪತ್ರಿಕೆ ಬಂದ್ರೆ ಒತ್ತೇಬಿಡ್ತಾರೆ. ಲಗ್ನಪತ್ರಿಕೆ ಚಿತ್ರ ಆಗಿರಬೇಕು, ಇಲ್ಲ ಪಿಡಿಎಫ್ ಆಗಿರಬೇಕು. ಫೈಲಿನ ಹೆಸರಿನ ಬಾಲದಲ್ಲಿ ಎಪಿಕೆ ಅಂತಿದ್ರೆ ಅದು ಆ್ಯಪ್. ಇನ್‌ಸ್ಟಾಲ್ ಮಾಡು ಅನ್ನುತ್ತೆ, ಎಸ್ಸೆಮ್ಮೆಸ್ ಓದೋ ಅನುಮತಿ ಕೇಳುತ್ತೆ. ಯಾವ ಮದುಮಗನಿಗೆ ನಿಮ್ಮ ಎಸ್ಸೆಮ್ಮೆಸ್ ಓದೋ ಕೆಲಸ? ಕೊಟ್ರೆ ಒಟಿಪಿ ನೇರ ಅವನಿಗೇ ಹೋಗುತ್ತೆ, ನೀವು ಬಾಯಿ ಬಿಡೋ ಶ್ರಮವೂ ಇಲ್ಲ."

"ಒತ್ತಿಯಾಗಿದ್ರೆ?" ಶಿವಣ್ಣ ಕೇಳಿದ್ದು ಸ್ವಲ್ಪ ಬೇಗವೇ ಆಯಿತು.

"ಮೊದಲು ಏರೋಪ್ಲೇನ್ ಮೋಡ್, ವೈಫೈ ಕೂಡ ಬಂದ್. ಇನ್ನೊಂದು ಫೋನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆ ಹಿಡಿಸಬೇಕು. ದುಡ್ಡು ಹೋಗಿದ್ರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಸಮಯ, ಮೊತ್ತ, ಯುಪಿಐ ಆದ್ರೆ 12 ಅಂಕಿಯ ವ್ಯವಹಾರದ ಸಂಖ್ಯೆ ಕೈಲಿರಲಿ. ಕಳ್ಳ ಆ ದುಡ್ಡನ್ನ ಖಾತೆಯಿಂದ ಖಾತೆಗೆ ಹಾರಿಸ್ತಾ ಇರ್ತಾನೆ. ಕೊನೇ ಖಾತೆಯಿಂದ ಎತ್ತೋ ಮುಂಚೆ ಹಿಡಿದ್ರೆ ಉಳೀತು. 'ನಾಳೆ ನೋಡೋಣ' ಅಂದ್ರೆ ನಾಳೆ ಬಾ ಅಂತ ನಿಮಗೇ ಬರೆದಿರುತ್ತೆ."

ಅವಳು ಬೆರಳೆತ್ತಿ ಇನ್ನೊಂದು ಸೇರಿಸಿದಳು. "ದುಡ್ಡು ಬರೋಕೆ ಯುಪಿಐ ಪಿನ್ ಬೇಡ. ಪಿನ್ ಕೇಳಿದ್ರೆ ಹೋಗೋಕೆ ಅಂತ ತಿಳ್ಕೊಳ್ಳಿ."

"ಬ್ಯಾಲೆನ್ಸ್ ನೋಡೋಕೂ ಪಿನ್ ಬೇಕಲ್ಲಮ್ಮ" ಅಂತ ರಾಯರು ಲೋಪ ಹಿಡಿದರು.

"ಅದು ಹೋಗಿದೆಯಾ ಅಂತ ನೋಡೋಕೆ."

ಪೊಲೀಸರ ವೇಷದಲ್ಲಿ ವಿಡಿಯೊ ಕರೆ ಮಾಡಿ, 'ನಿಮ್ಮನ್ನ ಬಂಧಿಸಿದೀವಿ' ಅಂತ ಹೆದರಿಸಿ ದುಡ್ಡು ಕೀಳುವ ಡಿಜಿಟಲ್ ಅರೆಸ್ಟ್ ವಿಷಯಕ್ಕೆ ಬಂದಾಗ ಮಾತ್ರ ರಾಯರ ಮುಖ ನೆಟ್ಟಗಾಯಿತು. ಕೌಂಟರಿನ ಆಚೆ ಬದಿಯ ಸಂಗತಿ ಅವರಿಗೆ ಗೊತ್ತು. "ಮುಪ್ಪಿನೋರು ಬಂದು ಎಫ್‌ಡಿ ಮುರಿಸಿ ಅಂತಾರೆ. ಯಾಕೆ ಅಂದ್ರೆ 'ಸೈಟು ತಗೋತಿದೀನಿ'. ಕಣ್ಣು ನೋಡಿದ್ರೆ ಸೈಟು ತಗೊಳ್ಳೋರ ಕಳೆ ಇರಲ್ಲ. ಜೇಬಲ್ಲಿರೋ ಫೋನ್ ಚಾಲೂ ಇರುತ್ತೆ, ಆ ಕಡೆಯಿಂದ ಕಳ್ಳ ಕೇಳಿಸ್ಕೊಳ್ತಿರ್ತಾನೆ. ಬ್ಯಾಂಕಿನೋರೂ ಶಾಮೀಲು, ಮನೇಲೂ ಹೇಳಬೇಡಿ ಅಂತ ಮೊದಲೇ ತಲೆಗೆ ತುಂಬಿರ್ತಾನೆ. ಕಾನೂನಲ್ಲಿ ಅಂಥ ಅರೆಸ್ಟೇ ಇಲ್ಲ. ವಿಡಿಯೊದಲ್ಲಿ ಯಾರನ್ನೂ ಬಂಧಿಸೋಕಾಗಲ್ಲ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ" ಅಂದರು ಮೇಷ್ಟ್ರು. "ಇಲ್ಲಿ ಕುಂಬಳಕಾಯಿ ಕದಿಯದೋರೂ ಮುಟ್ಟಿ ನೋಡ್ಕೊಳ್ತಾರೆ. ನಿಮ್ಮ ಆಧಾರ್ ಮೇಲೆ ಪಾರ್ಸೆಲ್ಲು ಹೋಗಿದೆ ಅಂದ ಕೂಡಲೇ, ಹೋಗಿದ್ರೂ ಹೋಗಿರಬಹುದಾ ಅಂತ."

"ಅದೇ ನಾನು ಹೇಳಿದ್ದು" ಅಂದಳು ಸಹನಾ. " ಕೇಳೋ ಗುಮಾಸ್ತನ ಮೇಲೆ ಅನುಮಾನ, ಹೆಂಡತಿ ಮೇಲೆ ಅನುಮಾನ, ತನ್ನ ಮೇಲೂ ಅನುಮಾನ. ಫೋನಲ್ಲಿರೋನೊಬ್ಬನ ಮೇಲೆ ಮಾತ್ರ ಪೂರ್ತಿ ನಂಬಿಕೆ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮೇಷ್ಟ್ರು ತಗ್ಗಿದ ದನಿಯಲ್ಲಿ ಬೀದರಿನ ಮುರ್ಕಿ ನೆನೆಸಿಕೊಂಡರು. 2018ರ ಜುಲೈನಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟ ಹೊರಊರಿನವರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪಿನಲ್ಲಿ ಸಾರಿ, ಅವರ ಕಾರಿಗಿಂತ ಮುಂಚೆ ಸುದ್ದಿ ಮುಂದಿನ ಊರು ಮುಟ್ಟಿ, ಒಬ್ಬರ ಜೀವ ಹೋಯಿತು. ಅದೇ ತಿಂಗಳು ವಾಟ್ಸಾಪು ನಮ್ಮ ದೇಶದಲ್ಲಿ ಫಾರ್ವರ್ಡನ್ನು ಐದು ಕಡೆಗೆ ಮಿತಿ ಮಾಡಿತು. "ಮಕ್ಕಳ ಕಳ್ಳರ ಗುಲ್ಲು ಹಳೇದೇ. ಸೇತುವೆಗೆ ಬಲಿ ಕೊಡೋಕೆ ಮಕ್ಕಳನ್ನ ಹಿಡೀತಾರೆ ಅಂತ ಬ್ರಿಟಿಷರ ಕಾಲದಲ್ಲೂ ಇತ್ತು. ಆದ್ರೆ ಆಗಿನ ಗುಲ್ಲು ಎತ್ತಿನ ಗಾಡೀಲಿ ಹೋಗ್ತಿತ್ತು, ದಾರೀಲಿ ಸುಸ್ತಾಗ್ತಿತ್ತು."

ರಾಯರು ಬಿಲ್ಲಿಗೆ 500ರ ನೋಟು ಕೊಟ್ಟರು. ಗಲ್ಲಾದ ಹುಡುಗ ಅದನ್ನು ಬೆಳಕಿಗೆ ಎತ್ತಿ, ಓರೆ ಮಾಡಿ, ಹಸಿರು ದಾರ ನೀಲಿಯಾಗುತ್ತದಾ ಎಂದು ನೋಡಿ, ಅಂಚಿನ ಐದು ಉಬ್ಬುಗೆರೆಗಳ ಮೇಲೆ ಹೆಬ್ಬೆರಳು ಸವರಿದ.

"ಏನಪ್ಪಾ, ನನ್ನ ಮೇಲೆ ಅನುಮಾನಾನಾ?"

"ನಿಮ್ಮ ಮೇಲಲ್ಲ ಸಾರ್, ನೋಟಿನ ಮೇಲೆ."

"ಹಾಂ, ಇದು ಹಳೇ ಕಾಲದ ಅನುಮಾನ" ಎಂದು ರಾಯರು ಮೆಚ್ಚಿದರು. ಚಿಲ್ಲರೆ ಎಣಿಸಿಕೊಂಡರು. ಮೆಟ್ಟಿಲಿಳಿದು, ನಿಂತು, ಇನ್ನೊಮ್ಮೆ ಎಣಿಸಿದರು. ಒಳಗೆ ಶಿವಣ್ಣ ಲೋಟದ ತಳದಲ್ಲಿ ಉಳಿದಿದ್ದ ಒಂದು ಹನಿ ಕಾಫಿಯನ್ನು ಹೆಬ್ಬೆರಳಿನ ಉಗುರ ಮೇಲೆ ಬಿಟ್ಟುಕೊಂಡು, ಎಷ್ಟು ಬೇಗ ಜಾರುತ್ತದೆ ಎಂದು ನೋಡುತ್ತಿದ್ದ.